ಹಿತ್ತಲ ಮೂಲೆಗೊಂದು ತಂಗಡಿ ಗಿಡ



ತೆಲಿಗಿ ಹೋಬಳಿಯ ಒಂದು ಹಳ್ಳಿಯಲ್ಲಿ ವಾರದ ಸಭೆ. ಉಳಿತಾಯದ ಹಣ ಎಣಿಸಿ, ಪುಸ್ತಕ ಬರೆದು ಮುಗಿದ ಮೇಲೆ ಕೈತೋಟದ ಮಾತು ಬಂತು. ಒಬ್ಬ ಸದಸ್ಯೆ ಕೇಳಿದರು: "ಮೇಡಂ, ಸೂರ್ಯಕಾಂತಿ ಹೂವು ನೋಡಾಕ ಬಾಳ ಚಂದ. ಆದ್ರ ಮೂರು ತಿಂಗಳಿಗೆ ಒಣಗಿ ಹೋಗತೈತಿ. ಒಮ್ಮೆ ಹಚ್ಚಿದ್ರ ವರ್ಷಾನುಗಟ್ಲೆ ಇರೋ ಸೂರ್ಯಕಾಂತಿ ಇಲ್ಲೇನ್ರಿ? ಹಿತ್ತಲದಾಗ ಒಂದು ಮೂಲ್ಯಾಗ ಇದ್ರ ಜೇನು ಬರ್ತಾವ, ಗುಬ್ಬಿ ಬರ್ತಾವ. ಆದ್ರ ಹಿತ್ತಲ ಅಡವಿ ಆಗಬಾರದು ನೋಡ್ರಿ."

ಎಲ್ಲರೂ ನಕ್ಕರು. ನನಗೆ ಮಾತ್ರ ಆಗ ಉತ್ತರ ಗೊತ್ತಿರಲಿಲ್ಲ. ಪ್ರಶ್ನೆ ಸಣ್ಣದಲ್ಲ. ಹಿತ್ತಲು ಚೊಕ್ಕಟವಾಗಿರಬೇಕು, ಹುಳ ಹಕ್ಕಿಗೂ ಜಾಗ ಇರಬೇಕು, ನೀರು ಹೊತ್ತು ಹಾಕುವ ಕೆಲಸ ಇರಬಾರದು, ಗಿಡ ನಮ್ಮ ನೆಲದ್ದಾಗಿರಬೇಕು. ಈ ನಾಲ್ಕೂ ಒಂದೇ ಗಿಡದಲ್ಲಿ ಸಿಗುತ್ತದೆಯೇ ಎಂದು ಕೇಳಿದ ಹಾಗಾಯಿತು. ಈ ಪಾಠ ಆ ತಾಯಿಗೆ ತಡವಾಗಿ ಕೊಡುತ್ತಿರುವ ಉತ್ತರ.

ಸೂರ್ಯಕಾಂತಿ ಎಲ್ಲಿಂದ ಬಂತು?

ನಮ್ಮ ಹರಪನಹಳ್ಳಿ, ಕೊಟ್ಟೂರು, ಹಡಗಲಿ ಕಡೆ ಹೊಲದಲ್ಲಿ ಸೂರ್ಯಕಾಂತಿ ನೋಡದವರಿಲ್ಲ. ಈಗ ಮೆಕ್ಕೆಜೋಳ ಅದರ ಜಾಗ ಬಹಳಷ್ಟು ಹಿಡಿದಿದೆ, ಆ ಮಾತು ಬೇರೆ. ಆದರೆ ಈ ಬೆಳೆ ನಮ್ಮ ಅಜ್ಜಿಯಂದಿರಿಗೆ ಗೊತ್ತಿರಲಿಲ್ಲ. ಇದರ ತವರು ಉತ್ತರ ಅಮೆರಿಕ. ಅಲ್ಲಿಂದ ಯೂರೋಪಿಗೆ, ಅಲ್ಲಿಂದ ರಷ್ಯಾಕ್ಕೆ ಹೋಗಿ ಎಣ್ಣೆಯ ಬೆಳೆಯಾಯಿತು. ನಮ್ಮ ದೇಶದ ಹೊಲಕ್ಕೆ ಎಣ್ಣೆಕಾಳಿನ ಬೆಳೆಯಾಗಿ ಬಂದದ್ದು 1969ರಲ್ಲಿ, ರಷ್ಯಾದ ತಳಿಗಳ ಮೂಲಕ. ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿ.ಎಸ್.ಎಚ್.-1 ನಮ್ಮ ಬೆಂಗಳೂರಿನಿಂದಲೇ 1980ರಲ್ಲಿ ಹೊರಬಂತು. ಅದಕ್ಕಿಂತ ಮುಂಚೆ ನಮ್ಮವರ ಹೊಲದಲ್ಲಿ ಹಳದಿ ಹೂ ಎಂದರೆ ಗುರೆಳ್ಳು. ಗುರೆಳ್ಳೂ ಸೂರ್ಯಕಾಂತಿಯ ಕುಲದ್ದೇ, ಚಿಕ್ಕ ತಂಗಿ ಎನ್ನಬಹುದು.

ವರ್ಷಾನುಗಟ್ಟಲೆ ಬಾಳುವ ಸೂರ್ಯಕಾಂತಿ ಇಲ್ಲವೇ ಇಲ್ಲ ಅಂತಲ್ಲ. ಅಮೆರಿಕದಲ್ಲಿ ಸೂರ್ಯಕಾಂತಿಯ ಐವತ್ತರಷ್ಟು ಜಾತಿಗಳಿವೆ, ಅದರಲ್ಲಿ ಎಷ್ಟೋ ಜಾತಿ ಬೇರಿನಿಂದ ಪ್ರತಿ ವರ್ಷ ಚಿಗುರುತ್ತವೆ. ಅಲ್ಲಿನವರು ಜೇನಿಗೆ, ಹಕ್ಕಿಗೆ ಎಂದು ಅವನ್ನು ಮನೆ ಮುಂದೆ ಹಚ್ಚುತ್ತಾರೆ. ಅದು ಅವರ ನೆಲದ ಗಿಡ, ಅವರಿಗೆ ಸರಿ. ನಮ್ಮ ನೆಲಕ್ಕೆ ಅದು ನೆಂಟ.

ಇನ್ನೊಂದು ಗಿಡದ ವಿಷಯ ಹೇಳಲೇಬೇಕು. ನರ್ಸರಿಗಳಲ್ಲಿ "ಮೆಕ್ಸಿಕನ್ ಸೂರ್ಯಕಾಂತಿ" ಎಂದು ಒಂದು ಸಸಿ ಸಿಗುತ್ತದೆ. ಆಳೆತ್ತರಕ್ಕಿಂತ ಎತ್ತರ ಪೊದೆಯಾಗಿ ಬೆಳೆಯುತ್ತದೆ, ದೊಡ್ಡ ಹಳದಿ ಹೂ ಬಿಡುತ್ತದೆ, ಸಾಯುವುದೂ ಇಲ್ಲ. ನೋಡಿದರೆ ಬೇಕು ಅನಿಸುತ್ತದೆ. ಬೇಡ. ಮಲೆನಾಡು ಘಟ್ಟದ ಕಡೆ ಇದು ರಸ್ತೆ ಬದಿ, ತೋಟದ ಅಂಚು ಎಲ್ಲಾ ಹಬ್ಬಿಕೊಂಡಿದೆ. ಲಂಟಾನ, ಪಾರ್ಥೇನಿಯಂ ಕೂಡ ಹೊರಗಿನಿಂದಲೇ ಬಂದು ಕೂತವು. ಒಮ್ಮೆ ಬಂದ ಮೇಲೆ ಕಳಿಸುವುದು ಎಷ್ಟು ಕಷ್ಟ ಅಂತ ನಮ್ಮ ಬೆನ್ನಿಗೆ, ಸೊಂಟಕ್ಕೆ ಗೊತ್ತು.

ಹಾಗಾದರೆ ನಮ್ಮದು ಯಾವುದು? ದಿನಾ ಎಮ್ಮೆ ಹೊಡಕೊಂಡು ಹೋಗುವ ದಾರಿಯಲ್ಲೇ ಇದೆ. ತಂಗಡಿ.

ತಂಗಡಿಯ ಗುರುತು

ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಗೋಮಾಳ, ಕೆರೆ ಏರಿ, ಹೊಲದ ಬದು, ಗುಡ್ಡದ ಬುಡ, ಎಲ್ಲಿ ನೋಡಿದರೂ ತಂಗಡಿ ಇದ್ದೇ ಇರುತ್ತದೆ. ಹಳೇ ಮೈಸೂರಿನ ಕಡೆ ಇದಕ್ಕೆ ಆವರಿಕೆ ಅಂತಾರೆ, ಹೊನ್ನಾವರಿಕೆ ಅಂತಲೂ ಹೆಸರು. ಇದು ಸೂರ್ಯಕಾಂತಿಯ ಕುಲದ್ದಲ್ಲ, ಹುಣಸೆ, ತಗಚೆಯ ಕಡೆಯದು. ಆದರೆ ಆ ಸಹೋದರಿ ಕೇಳಿದ ಕೆಲಸಕ್ಕೆಲ್ಲ ಇದೇ ಸರಿ.

ಸೊಂಟದೆತ್ತರದಿಂದ ಆಳೆತ್ತರದವರೆಗಿನ ಪೊದೆ. ಒಂದು ಕಡ್ಡಿಯ ಎರಡೂ ಬದಿ ಎಂಟರಿಂದ ಹನ್ನೆರಡು ಜೊತೆ ಸಣ್ಣ ಎಲೆ, ತುದಿ ಮೊಂಡು. ಎಲೆಕಡ್ಡಿ ಕಾಂಡಕ್ಕೆ ಕೂಡುವ ಕಡೆ ಕಿವಿಯ ಹಾಗೆ ದುಂಡಗಿನ ಸಣ್ಣ ಎಲೆ ಅಂಟಿಕೊಂಡಿರುತ್ತದೆ. ಇದನ್ನು ನೆನಪಿಡಿ, ಇದೇ ಪಕ್ಕಾ ಗುರುತು. ಗಿಡದ ಶಾಸ್ತ್ರೀಯ ಹೆಸರಲ್ಲೂ ಆ "ಕಿವಿ" ಇದೆ: ಸೆನ್ನಾ ಆರಿಕ್ಯುಲೇಟ. ಕಾಯಿ ಚಪ್ಪಟೆ, ತೆಳುವು, ಒಣಗಿದರೆ ಕಂದು ಕಾಗದದ ಹಾಗೆ ಗಾಳಿಗೆ ಸದ್ದು ಮಾಡುತ್ತದೆ.

ಹಿಂದೆ ಇದರ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು. ಇಂಗ್ಲಿಷಿನವರು ಚರ್ಮ ಹದ ಮಾಡುವವರ ಗಿಡ ಎಂದೇ ಹೆಸರಿಟ್ಟರು. ಕಡ್ಡಿಯಿಂದ ಹಲ್ಲು ಉಜ್ಜಿದವರು, ಸೊಪ್ಪನ್ನು ಗೊಬ್ಬರಕ್ಕೆ ಗದ್ದೆಗೆ ತುಳಿದವರು ಈಗಲೂ ಊರೂರಲ್ಲಿ ಸಿಗುತ್ತಾರೆ. ಪಕ್ಕದ ತೆಲಂಗಾಣದ ಹೆಣ್ಣುಮಕ್ಕಳು ದಸರೆ ಹೊತ್ತಿನಲ್ಲಿ ಬತುಕಮ್ಮ ಹಬ್ಬಕ್ಕೆ ಹೂವನ್ನು ಗೋಪುರದ ಹಾಗೆ ಜೋಡಿಸುತ್ತಾರಲ್ಲ, ಅದರಲ್ಲಿ ತಂಗಡಿ ಹೂ ಬೇಕೇ ಬೇಕು. 2014ರಲ್ಲಿ ಆ ರಾಜ್ಯ ಹುಟ್ಟಿದಾಗ ತಂಗಡಿಯನ್ನೇ ರಾಜ್ಯದ ಹೂವು ಎಂದು ಮಾಡಿಕೊಂಡರು. ನಮ್ಮಲ್ಲಿ ಹೂವು ಎಂದರೆ ಹಡಗಲಿ ಮಲ್ಲಿಗೆ ಒಂದೇ ನೆನಪಾಗುತ್ತದೆ. ಮಲ್ಲಿಗೆಗೆ ನೀರು ಬೇಕು, ಆರೈಕೆ ಬೇಕು. ತಂಗಡಿಗೆ ಎರಡೂ ಬೇಡ. ಕುರಿ, ದನ ಸಹಾ ಅದನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಬೇಲಿ ಇಲ್ಲದ ಹಿತ್ತಲಿಗೆ ಇದಕ್ಕಿಂತ ದೊಡ್ಡ ಅನುಕೂಲ ಯಾವುದು?

ಬದನೆಗೂ ತಂಗಡಿಗೂ ಏನು ಸಂಬಂಧ?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಓದಲು ಬರದ ಸದಸ್ಯರಿಗೆ ಓದಿ ಹೇಳಿ.

ಸೂರ್ಯಕಾಂತಿ ಹೊಲಕ್ಕೆ ಕೂಲಿ ಹೋದವರಿಗೆ ಒಂದು ಕೆಲಸ ನೆನಪಿರಬೇಕು. ಹೂ ಅರಳಿದಾಗ ಬೆಳಗಿನ ಹೊತ್ತು ಕೈಗೆ ಮೆತ್ತನೆ ಬಟ್ಟೆ ಸುತ್ತಿಕೊಂಡು ಒಂದೊಂದೇ ತೆನೆಯ ಮೇಲೆ ಮೆಲ್ಲಗೆ ಸವರುವುದು, ದಿನ ಬಿಟ್ಟು ದಿನ. ಯಾಕೆ? ಜೇನು ಬರದಿದ್ದರೆ ಕಾಳು ಕಟ್ಟುವುದಿಲ್ಲ, ಜೊಳ್ಳಾಗುತ್ತದೆ. ಜೇನುಹುಳ ಪುಕ್ಕಟೆ ಮಾಡುತ್ತಿದ್ದ ಕೆಲಸವನ್ನು ನಾವು ಕೈಯಿಂದ ಮಾಡಿದೆವು.

ಬದನೆ ಹೂವಿನದು ಇನ್ನೂ ಬೇರೆ ಕಥೆ. ಬದನೆ ಹೂವಿನ ನಡುವೆ ಹಳದಿ ಕೊಳವೆಗಳು ಕಾಣುತ್ತವಲ್ಲ, ಪರಾಗದ ಪುಡಿ ಅದರೊಳಗೆ ಇರುತ್ತದೆ. ಕೊಳವೆಯ ತುದಿಯಲ್ಲಿ ಒಂದು ಸಣ್ಣ ತೂತು ಮಾತ್ರ. ಮುಖಕ್ಕೆ ಹಚ್ಚುವ ಪೌಡರ್ ಡಬ್ಬಿ ನೆನಪು ಮಾಡಿಕೊಳ್ಳಿ. ಸುಮ್ಮನೆ ಹಿಡಿದರೆ ಬೀಳುವುದಿಲ್ಲ, ಅಲ್ಲಾಡಿಸಬೇಕು. ಟೊಮೆಟೊ ಹೂವಿನಲ್ಲೂ ಪುಡಿ ಕೊಳವೆಯೊಳಗೇ ಇರುತ್ತದೆ. ತಂಗಡಿ ಹೂವೂ ಪೌಡರ್ ಡಬ್ಬಿಯ ಜಾತಿಯೇ.

ಈ ಡಬ್ಬಿ ಅಲ್ಲಾಡಿಸುವವರು ಯಾರು? ನಾವು ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಈ ವಿದ್ಯೆ ಬರುವುದಿಲ್ಲ. ಹೆಜ್ಜೇನಿಗೂ ಬರುವುದಿಲ್ಲ. ಬರುವುದು ದೊಡ್ಡ ಕರಿ ದುಂಬಿಗೆ. ಹಾಗೇ ಹೊಟ್ಟೆಯ ಮೇಲೆ ನೀಲಿ ಪಟ್ಟಿ ಇರುವ, ಜೇನಿಗಿಂತ ತುಸು ದಪ್ಪನೆಯ ಒಂದು ಹುಳಕ್ಕೆ. ಇವು ಹೂವನ್ನು ಅಪ್ಪಿ ಹಿಡಿದು, ಮೈಯನ್ನು "ಝುಂಯ್" ಎಂದು ನಡುಗಿಸುತ್ತವೆ. ಪುಡಿ ಉದುರುತ್ತದೆ. ಬೆಳಿಗ್ಗೆ ಹೊತ್ತು ತಂಗಡಿ ಪೊದೆಯ ಹತ್ತಿರ ಎರಡು ನಿಮಿಷ ನಿಂತರೆ ಆ ಸದ್ದು ಕಿವಿಗೇ ಕೇಳುತ್ತದೆ.

ಬದನೆ ನಮ್ಮ ಹಿತ್ತಲಲ್ಲಿ ವರ್ಷದ ಎಲ್ಲಾ ದಿನ ಇರುವುದಿಲ್ಲ. ಬದನೆ ಕಿತ್ತ ಮೇಲೆ ಆ ಹುಳಗಳು ಏನು ತಿನ್ನಬೇಕು? ತಂಗಡಿ ವರ್ಷದ ಬಹಳ ತಿಂಗಳು ಒಂದಲ್ಲ ಒಂದು ಗೊಂಚಲು ಹೂ ಇಟ್ಟುಕೊಂಡೇ ಇರುತ್ತದೆ, ಮಳೆ ಬಿದ್ದ ಮೇಲೆ ದಸರೆ, ದೀಪಾವಳಿ ಹೊತ್ತಿಗಂತೂ ಗಿಡವೇ ಹಳದಿ. ಅದು ಹತ್ತಿರ ಇದ್ದರೆ ಹುಳ ನಮ್ಮ ಮನೆ ಸುತ್ತಲೇ ಉಳಿಯುತ್ತದೆ.

ಇದನ್ನು ನಾನು ತಪ್ಪು ಮಾಡಿ ಕಲಿತೆ. ಒಂದು ಊರಿನಲ್ಲಿ ಮೇಲಿನವರು ನೋಡಲು ಬರುತ್ತಾರೆಂದು ಸಂಘದಿಂದ ಶ್ರಮದಾನ ಇಟ್ಟೆವು. "ಎಲ್ಲಾ ಕಡೀರಿ, ನೆಲ ಕಾಣಬೇಕು" ಎಂದವಳು ನಾನೇ. ಪಾರ್ಥೇನಿಯಂ ಜೊತೆಗೆ ಹಿತ್ತಲ ಸಾಲಿನ ತಂಗಡಿಯೂ ಹೋಯಿತು. ಒಬ್ಬ ಅಜ್ಜಿ ಮಾತ್ರ "ಅದು ನಿಮಗೇನ್ ಮಾಡಿತ್ತವ್ವಾ" ಎಂದು ಕೇಳಿದರು. ನಾನು ನಕ್ಕು ಸುಮ್ಮನಾದೆ. ಆ ವರ್ಷ ಅಲ್ಲಿ ಬದನೆ ಹೂ ಬಿಟ್ಟಿತು, ಕಾಯಿ ಕಡಿಮೆ ನಿಂತಿತು. ತಂಗಡಿ ಕಡಿದದ್ದೊಂದೇ ಕಾರಣ ಎಂದು ನಾನು ಹೇಳಲಾರೆ. ಬಿಸಿಲು ಹೆಚ್ಚಾದರೂ, ನೀರು ತಪ್ಪಿದರೂ ಬದನೆ ಹೂ ಉದುರುತ್ತದೆ. ಬದನೆಯಲ್ಲಿ ಕೆಲವು ಹೂವಿನ ನಡುಗಡ್ಡಿಯೇ ಗಿಡ್ಡ ಇರುತ್ತದೆ, ಅವು ಎಂದೂ ಕಾಯಾಗುವುದಿಲ್ಲ. ಆದರೆ ದುಂಬಿಯ ಸದ್ದು ಇರಲಿಲ್ಲ ಎಂಬುದಂತೂ ನಿಜ.

ಹಚ್ಚುವುದು ಹೇಗೆ

ಖರ್ಚು ಸೊನ್ನೆ. ಬೇಸಿಗೆ ಶುರುವಾಗುವ ಮೊದಲು ಗಿಡದಲ್ಲೇ ಒಣಗಿ ಕಂದು ಬಣ್ಣಕ್ಕೆ ಬಂದ ಕಾಯಿ ಕಿತ್ತುಕೊಳ್ಳಿ. ಒಂದೊಂದರಲ್ಲಿ ಹತ್ತಿಪ್ಪತ್ತು ಬೀಜ ಸಿಗುತ್ತವೆ. ತೂತು ಬಿದ್ದ ಬೀಜ ಬಿಸಾಡಿ, ಹುಳ ತಿಂದಿರುತ್ತದೆ.

ಬೀಜದ ಸಿಪ್ಪೆ ಬಲು ಗಟ್ಟಿ. ಹಾಗೇ ಹಾಕಿದರೆ ಒಂದು ಈ ವರ್ಷ, ಒಂದು ಮುಂದಿನ ವರ್ಷ ಎಂದು ಹುಟ್ಟುತ್ತವೆ. ಅದಕ್ಕೆ ನೀರು ಕುದಿಸಿ, ಒಲೆಯಿಂದ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಬೀಜದ ಮೇಲೆ ಸುರಿಯಿರಿ. ರಾತ್ರಿಯಿಡೀ ಅದೇ ನೀರಲ್ಲಿ ಬಿಡಿ. ಒಲೆಯ ಮೇಲೆ ಬೀಜ ಹಾಕಿ ಕುದಿಸಬೇಡಿ, ಅದು ಹುಗ್ಗಿ ಅಲ್ಲ! ಬೆಳಿಗ್ಗೆ ಉಬ್ಬಿದ ಬೀಜ ಆರಿಸಿ ಬಿತ್ತಿ. ಉಬ್ಬದೇ ಇದ್ದದ್ದನ್ನು ಕಲ್ಲಿನ ಮೇಲೆ ಒಂದೆರಡು ಸಲ ತಿಕ್ಕಿ ಮತ್ತೆ ನೆನೆಹಾಕಿ.

ಮುಂಗಾರು ಹದವಾಗಿ ಬಿದ್ದ ಮೇಲೆ ಜಾಗದಲ್ಲೇ ಬಿತ್ತುವುದು ಒಳ್ಳೆಯದು. ತಂಗಡಿಯ ತಾಯಿಬೇರು ಬೇಗ ಆಳಕ್ಕೆ ಇಳಿಯುತ್ತದೆ. ಅಡವಿಯಿಂದ ದೊಡ್ಡ ಗಿಡ ಕಿತ್ತು ತಂದರೆ ಬದುಕುವುದಿಲ್ಲ, ಅಲ್ಲಿದ್ದದ್ದೂ ಹೋಗುತ್ತದೆ, ಇಲ್ಲಿಯದೂ ಇಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಸಸಿ ಮಾಡುವುದಾದರೆ ಗೇಣುದ್ದ ಆಗುವ ಮೊದಲೇ ನೆಲಕ್ಕೆ ಇಳಿಸಿ. ಬಿಸಿಲು ಪೂರ್ತಿ ಬೀಳುವ ಜಾಗ ಬೇಕು. ಕೆಂಪು ಮಣ್ಣು, ಮರಳು ಮಣ್ಣು, ಗರಸು ಎಲ್ಲಾ ನಡೆಯುತ್ತದೆ. ಬಚ್ಚಲು ನೀರು ನಿಲ್ಲುವ ಕಡೆ ಮಾತ್ರ ಬೇಡ. ಗೋಡೆಯಿಂದ ಮೂರು ಅಡಿ ಬಿಡಿ, ಗಿಡದಿಂದ ಗಿಡಕ್ಕೆ ನಾಲ್ಕೈದು ಅಡಿ. ಒಂದು ಮನೆಗೆ ಎರಡು ಮೂರು ಗಿಡ ಸಾಕು. ಮೊದಲ ಬೇಸಿಗೆಯಲ್ಲಿ ವಾರಕ್ಕೊಂದು ತಂಬಿಗೆ ಪಾತ್ರೆ ತೊಳೆದ ನೀರು ಹಾಕಿ. ಆಮೇಲೆ ಅದನ್ನು ಮರೆತುಬಿಡಿ.

ಒಂದು ಮಾತು. ತಂಗಡಿ ಹೂವಿನಲ್ಲಿ ಪುಡಿ ಇದೆ, ಸಿಹಿ ರಸ ಇಲ್ಲ. ಹುಳಕ್ಕೆ ರೊಟ್ಟಿ ಇದ್ದ ಹಾಗೆ ಬೆಲ್ಲವೂ ಬೇಕಲ್ಲ? ಅದಕ್ಕೆ ಪಕ್ಕದಲ್ಲಿ ತುಳಸಿ ಇರಲಿ, ತಾನಾಗಿ ಹುಟ್ಟುವ ತುಂಬೆ ಇರಲಿ, ಹಿಂಗಾರಿನಲ್ಲಿ ಒಂದು ಸಾಲು ಗುರೆಳ್ಳು ಇರಲಿ. ಗುರೆಳ್ಳಿನ ಚಟ್ನಿಪುಡಿ ಮನೆಗೂ ಆಯಿತು.

ಅಡವಿ ಆಗದ ಹಾಗೆ

ವರ್ಷಕ್ಕೆ ಒಂದೇ ಕೆಲಸ. ಬೇಸಿಗೆ ಮುಗಿಯುವಾಗ, ಮೊದಲ ಮಳೆಗೆ ಮುಂಚೆ, ಮೊಳಕಾಲೆತ್ತರಕ್ಕೆ ಕುಡುಗೋಲಿನಿಂದ ಕಡಿಯಿರಿ. ತಂಗಡಿ ಬುಡದಿಂದ ಮತ್ತೆ ಒತ್ತಾಗಿ ಚಿಗುರುತ್ತದೆ, ದಸರೆಗೆ ಹೂ. ಎರಡು ಗಿಡ ಇದ್ದರೆ ಒಂದನ್ನು ಈ ವರ್ಷ, ಇನ್ನೊಂದನ್ನು ಮುಂದಿನ ವರ್ಷ ಕಡಿಯಿರಿ. ಎರಡನ್ನೂ ಒಟ್ಟಿಗೆ ಕಡಿದರೆ ಹುಳಗಳಿಗೆ ಅಷ್ಟು ದಿನ ಉಪವಾಸ.

ಹಾವಿನ ಭಯ ಎಲ್ಲರೂ ಹೇಳುತ್ತಾರೆ, ಅದು ಸುಳ್ಳು ಭಯವಲ್ಲ. ಹಾವು ಸೇರುವುದು ನೆಲಕ್ಕೆ ಹಾಸಿದ ಕೊಂಬೆ, ಕಸದ ಗುಡ್ಡೆ, ಕಲ್ಲಿನ ರಾಶಿಯಲ್ಲಿ. ಆದ್ದರಿಂದ ಬುಡದ ಕೊಂಬೆಗಳನ್ನು ಒಂದು ಮೊಳ ಎತ್ತರದವರೆಗೆ ಸವರಿಬಿಡಿ. ಕೆಳಗೆ ಕಸಬರಿಗೆ ಆಡುವ ಹಾಗಿರಬೇಕು, ಆಚೆಯ ಬೆಳಕು ಕಾಣಬೇಕು. ಹಾಗೆ ಮಾಡಿದರೆ ತಂಗಡಿ ಪೊದೆಯಲ್ಲ, ಕೊಡೆ.

ಮಳೆಗಾಲದಲ್ಲಿ ಎಲೆಯ ಮೇಲೆ ಹಸಿರು ಹುಳ ಬಂದು ಗಿಡವನ್ನು ಬೋಳು ಮಾಡಬಹುದು. ಗಾಬರಿಯಿಂದ ಹೊಲದ ಔಷಧಿ ತಂದು ಹೊಡೆಯಬೇಡಿ. ತಿಳಿ ಹಸಿರು, ತಿಳಿ ಹಳದಿ ಬಣ್ಣದ ಚಿಟ್ಟೆಗಳು ಗುಂಪು ಗುಂಪಾಗಿ ಹೋಗುವುದನ್ನು ನೋಡಿದ್ದೀರಲ್ಲ, ಅವುಗಳ ಮರಿಗಳು ಇವು. ತಗಚೆ, ತಂಗಡಿಯ ಜಾತಿ ಬಿಟ್ಟು ನಿಮ್ಮ ಮೆಣಸಿನ ಗಿಡಕ್ಕೆ ಬರುವುದಿಲ್ಲ. ಹಕ್ಕಿಗಳು ಇವನ್ನೇ ಹೆಕ್ಕಿ ತಮ್ಮ ಮರಿಗಳಿಗೆ ಉಣಿಸುತ್ತವೆ. ಹದಿನೈದು ದಿನ ಬಿಡಿ, ಗಿಡ ಮತ್ತೆ ಎಲೆ ಹಾಕುತ್ತದೆ.

ಇನ್ನು ಆ ಹುಳಗಳ ಮನೆ. ಕರಿ ದುಂಬಿ ಒಣ ಮರ, ಬಿದಿರಿನಲ್ಲಿ ತೂತು ಕೊರೆದು ಮೊಟ್ಟೆ ಇಡುತ್ತದೆ. ನೀಲಿ ಪಟ್ಟಿಯ ಹುಳಕ್ಕೆ ಬೇಕಾದದ್ದು ಮಣ್ಣಿನ ಗೋಡೆ. ಹಳೇ ಮನೆಯ ಮಣ್ಣುಗೋಡೆಯ ತೂತುಗಳಲ್ಲಿ ಬಂದು ಹೋಗುವುದು ಅದೇ ಇರಬಹುದು. ಚೊಕ್ಕಟ ಮಾಡುತ್ತೇವೆಂದು ಪ್ರತಿ ತೂತಿಗೂ ಸಗಣಿ ಮೆತ್ತಿ, ಅಂಗಳಕ್ಕೆಲ್ಲ ಸಿಮೆಂಟು ಹಾಕಿದರೆ ಅದು ಎಲ್ಲಿಗೆ ಹೋಗಬೇಕು? ಹಿತ್ತಲ ಕಡೆಯ ಒಂದು ಗೋಡೆಯನ್ನಾದರೂ ಹಾಗೇ ಬಿಡಿ. ಕಡಿದ ಒಣ ಕಡ್ಡಿಗಳನ್ನು ಹೊರೆ ಕಟ್ಟಿ, ನೆಲಕ್ಕೆ ತಾಗದಂತೆ ಬೇಲಿಗೆ ಆನಿಸಿಡಿ. ನೋಡಲೂ ಅಚ್ಚುಕಟ್ಟು.

ಕೀಳಬೇಕಾದದ್ದು ಯಾವುದು

ಶ್ರಮದಾನ ಬೇಡ ಎಂದು ಹೇಳುತ್ತಿಲ್ಲ. ಪಾರ್ಥೇನಿಯಂ ಹೂ ಬಿಡುವ ಮೊದಲೇ ಕೀಳಬೇಕು, ಕೈಗೆ ಚೀಲ ಸುತ್ತಿಕೊಂಡು. ತುರಿಕೆ, ಉಬ್ಬಸದ ಮಾತು ನಿಮಗೆ ಗೊತ್ತಿದೆ. ಇನ್ನೊಂದು ಕಾರಣವೂ ಇದೆ. 1997ರಲ್ಲಿ ಬಾಗೇಪಲ್ಲಿ ಕಡೆ ಸೂರ್ಯಕಾಂತಿಗೆ ಒಂದು ಹೊಸ ರೋಗ ಕಂಡಿತು. ಎಲೆ ಸುಟ್ಟ ಹಾಗಾಗಿ, ತೆನೆ ಸೊಟ್ಟಗಾಗಿ ಗಿಡ ಹಾಳಾಗುತ್ತಿತ್ತು. ಮುಂದೆ ಅದು ಎಷ್ಟೋ ಜಿಲ್ಲೆಗಳ ಹೊಲಕ್ಕೆ ಹಬ್ಬಿತು. ಆ ರೋಗದ ವೈರಸ್ಸು ಪಾರ್ಥೇನಿಯಂ ಗಿಡದಲ್ಲಿ ಏನೂ ಗುರುತು ತೋರಿಸದೆ ಅಡಗಿ ಕೂರುತ್ತದೆ, ಅದರ ಹೂವಿನ ಪುಡಿಯ ಜೊತೆ ಥ್ರಿಪ್ಸ್ ನುಸಿಯ ಮೂಲಕ ಹೊಲಕ್ಕೆ ಬರುತ್ತದೆ ಎಂದು ವಿಜ್ಞಾನಿಗಳು ಕಂಡುಕೊಂಡರು. ಹೊಲದ ಬದುವಿನ ಪಾರ್ಥೇನಿಯಂ ಕಿತ್ತರೆ ಬೆಳೆಗೂ ಕಾವಲು.

ಮತ್ತೊಂದು ಗಿಡದ ಬಗ್ಗೆ ತಾಯಂದಿರು ಎಚ್ಚರ ಇರಬೇಕು. ತಂಗಡಿಯದೇ ಸಂಬಂಧಿ, ದೊಡ್ಡ ತಗಚೆ ಅಂತಾರೆ. ಎಲೆ ನಾಲ್ಕೈದು ಜೊತೆ ಮಾತ್ರ, ದೊಡ್ಡವು, ತುದಿ ಚೂಪು. ಉಜ್ಜಿದರೆ ಕೆಟ್ಟ ವಾಸನೆ. ತಂಗಡಿಯ "ಕಿವಿ" ಇರುವುದಿಲ್ಲ. ಇದರ ಬೀಜ ವಿಷ. ಉತ್ತರ ಪ್ರದೇಶದ ಪಶ್ಚಿಮ ಭಾಗದಲ್ಲಿ ವರ್ಷ ವರ್ಷವೂ ಚಿಕ್ಕ ಮಕ್ಕಳು ಏಕಾಏಕಿ ಜ್ಞಾನ ತಪ್ಪಿ ಸಾಯುತ್ತಿದ್ದರು. ಮೆದುಳು ಜ್ವರ ಎಂದೇ ಬಹಳ ಕಾಲ ತಿಳಿದಿದ್ದರು. ಕೊನೆಗೆ ವೈದ್ಯರು ಹುಡುಕಿದಾಗ ಮಕ್ಕಳು ಆಟವಾಡುತ್ತಾ ಈ ಗಿಡದ ಬೀಜ ತಿಂದದ್ದು ಕಾರಣ ಎಂದು ಗೊತ್ತಾಯಿತು. ಅಂಗನವಾಡಿ, ಶಾಲೆ, ಮನೆಯ ಸುತ್ತ ಇದು ಕಂಡರೆ ಕಾಯಿ ಬಲಿಯುವ ಮೊದಲೇ ಬೇರು ಸಮೇತ ಕಿತ್ತುಹಾಕಿ. ತಂಗಡಿ ಬೀಜವನ್ನೂ ಮಕ್ಕಳ ಕೈಗೆ ಆಟಕ್ಕೆ ಕೊಡಬೇಡಿ. ಒಂದನ್ನು ಕಲಿತ ಮಗು ಇನ್ನೊಂದನ್ನೂ ಬಾಯಿಗಿಡುತ್ತದೆ.

ಸಕ್ಕರೆ ಕಾಯಿಲೆಗೆ ತಂಗಡಿ ಹೂವಿನ ಕಷಾಯ ಒಳ್ಳೆಯದಂತೆ ಎಂದು ಕೆಲವರು ಕೇಳುತ್ತಾರೆ. ಹಳ್ಳಿಯ ಔಷಧಿಯಲ್ಲಿ ಆ ಬಳಕೆ ಇದೆ. ಆದರೆ ಅದನ್ನು ನಂಬಿ ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ. ಮಾತ್ರೆಯ ಜೊತೆಗೆ ಕುಡಿಯುವುದಿದ್ದರೂ ಅವರನ್ನು ಕೇಳಿಯೇ ಕುಡಿಯಿರಿ, ಸಕ್ಕರೆ ಅಂಶ ತೀರಾ ಇಳಿದರೂ ಅಪಾಯ.

ಸಭೆಯಲ್ಲಿ ಮಾಡಿ ನೋಡಲು

ಮುಂದಿನ ಸಭೆಗೆ ಪ್ರತಿಯೊಬ್ಬ ಸದಸ್ಯೆಯೂ ಒಂದು ತಂಗಡಿ ಕಡ್ಡಿ, ಸಿಕ್ಕರೆ ಒಂದು ದೊಡ್ಡ ತಗಚೆ ಕಡ್ಡಿ ತನ್ನಿ. ಎರಡನ್ನೂ ಪಕ್ಕಪಕ್ಕ ಇಟ್ಟು ಕಿವಿಯ ಗುರುತು, ಎಲೆಯ ಲೆಕ್ಕ, ವಾಸನೆ ನೋಡಿ. ಹಿರಿಯರಿದ್ದರೆ ಹಿಂದೆ ತಂಗಡಿಯನ್ನು ಏನೇನಕ್ಕೆ ಬಳಸುತ್ತಿದ್ದರು ಎಂದು ಹೇಳಿಸಿ, ಬರೆಯಲು ಬರುವವರು ಸಂಘದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಿ. ಬದನೆ ಹಾಕಿದವರು ಒಂದು ದಿನ ಬೆಳಿಗ್ಗೆ ಹೂವಿನ ಹತ್ತಿರ ಕೂತು ಎಷ್ಟು ದುಂಬಿ ಬಂದವು ಎಂದು ಎಣಿಸಿಕೊಂಡು ಬನ್ನಿ. ಹಾಗೇ, ನಿಮ್ಮೂರಲ್ಲಿ ತಂಗಡಿ ಎಲ್ಲೂ ಸಿಗದಿದ್ದರೆ ಪಕ್ಕದ ಊರಿನ ಸಂಘಕ್ಕೆ ಒಂದು ಹಿಡಿ ಬೀಜಕ್ಕೆ ಹೇಳಿ ಕಳಿಸಿ. ಸಾಲ ಅಲ್ಲ, ಬಡ್ಡಿ ಇಲ್ಲ.